ಹೆದರಿಸಿ ಆಳುವವರಿಗೆ ನಿಜ ಮುಟ್ಟುವುದಿಲ್ಲ

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಒಂದು ತಾಳೆಗರಿ ಕಟ್ಟು ಬಂತು. ಭಾಷೆ ಸಂಸ್ಕೃತ, ಲಿಪಿ ಗ್ರಂಥ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದರು. ಹೆಸರು ಮಾತ್ರ ಉಳಿದು ಪಠ್ಯ ಕಳೆದೇ ಹೋಗಿದೆ ಎಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು. 1909ರಲ್ಲಿ ಮೈಸೂರಿನಲ್ಲೇ ಅಚ್ಚಾಯಿತು. ಆ ಗರಿಗಳು ಈಗಲೂ ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿವೆ.

ಅರ್ಥಶಾಸ್ತ್ರ ಅಂದಕೂಡಲೇ ನಮಗೆ ನೆನಪಾಗುವುದು ಗೂಢಚಾರರು, ವಿಷ, ಶಿಕ್ಷೆ. "ಚಾಣಕ್ಯನಂಥವನೇ ಬರಬೇಕು, ಇಲ್ಲದಿದ್ದರೆ ಈ ಜನ ಬಗ್ಗಲ್ಲ" ಎಂಬ ಮಾತನ್ನು ಬಸ್ಸಿನಲ್ಲೂ ಹೋಟೆಲಿನಲ್ಲೂ ಕೇಳುತ್ತಲೇ ಇರುತ್ತೇವೆ. ದಂಡಂ ದಶಗುಣಂ ಅನ್ನುವುದು ಮಕ್ಕಳ ಬಾಯಲ್ಲೂ ಇದೆ. ಆದರೆ ಆ ಗ್ರಂಥದ ಮೊದಲ ಅಧಿಕರಣದ ನಾಲ್ಕನೇ ಅಧ್ಯಾಯದಲ್ಲಿ ನಡೆಯುವ ಚರ್ಚೆ ಬೇರೆಯೇ ಇದೆ. ಕೌಟಿಲ್ಯ ಮೊದಲು ಹಳೆಯ ಆಚಾರ್ಯರ ಅಭಿಪ್ರಾಯ ಹೇಳುತ್ತಾನೆ: ಲೋಕ ಸರಿಯಾಗಿ ನಡೆಯಬೇಕಾದರೆ ರಾಜ ಸದಾ ದಂಡ ಎತ್ತಿಕೊಂಡೇ ಇರಬೇಕು, ಜನರನ್ನು ವಶದಲ್ಲಿಡಲು ಅದರಂಥ ಸಾಧನ ಮತ್ತೊಂದಿಲ್ಲ. ಮರುಮಾತಿನಲ್ಲೇ "ಅಲ್ಲ" ಎನ್ನುತ್ತಾನೆ. ಕಠಿಣವಾಗಿ ದಂಡಿಸುವವನನ್ನು ಕಂಡರೆ ಜನ ತಲ್ಲಣಿಸುತ್ತಾರೆ. ಮೆತ್ತಗಿರುವವನನ್ನು ಲೆಕ್ಕಕ್ಕೇ ಇಡುವುದಿಲ್ಲ. ತಕ್ಕಷ್ಟು ದಂಡಿಸುವವನನ್ನು ಗೌರವಿಸುತ್ತಾರೆ. ಆಸೆಗೋ ಸಿಟ್ಟಿಗೋ ತಿಳಿಗೇಡಿತನಕ್ಕೋ ಬಿದ್ದು ದಂಡ ಬೀಸಿದರೆ ವಾನಪ್ರಸ್ಥರು, ಸನ್ಯಾಸಿಗಳೇ ಕೆರಳುತ್ತಾರೆ, ಇನ್ನು ಸಂಸಾರಿಗಳನ್ನು ಕೇಳಬೇಕೆ ಎಂದೂ ಸೇರಿಸುತ್ತಾನೆ.

ಭಯದ ಪರವಾಗಿ ಮಾತಾಡುವವರು ಹೆಸರೆತ್ತುವ ಇನ್ನೊಬ್ಬ ಇಟಲಿಯ ರಾಜಕೀಯ ಚಿಂತಕ ಮೆಕಿಯವೆಲ್ಲಿ. 1513ರಲ್ಲಿ ಅಧಿಕಾರ ಕಳೆದುಕೊಂಡು ಹಳ್ಳಿಯಲ್ಲಿ ಕುಳಿತಿದ್ದಾಗ ಅವನು ಇದೇ ಪ್ರಶ್ನೆ ಎತ್ತಿಕೊಂಡ. ಪ್ರೀತಿ, ಭಯ ಎರಡನ್ನೂ ಒಟ್ಟಿಗೆ ಪಡೆಯಲಾಗದಿದ್ದರೆ ಆಳುವವನಿಗೆ ಭಯವೇ ಕ್ಷೇಮ ಅಂದ. ನಿಜ. ಆದರೆ ಅದೇ ಉಸಿರಿನಲ್ಲಿ ಜನ ದ್ವೇಷಿಸುವಂತೆ ಮಾತ್ರ ಮಾಡಿಕೊಳ್ಳಬೇಡ, ಅವರ ಆಸ್ತಿಗೂ ಹೆಂಗಸರಿಗೂ ಕೈಹಾಕಬೇಡ, ಅಪ್ಪ ಸತ್ತದ್ದನ್ನು ಬೇಗ ಮರೆಯುವ ಮನುಷ್ಯ ಅಪ್ಪನ ಆಸ್ತಿ ಹೋದದ್ದನ್ನು ಮರೆಯುವುದಿಲ್ಲ ಎಂದು ಎಚ್ಚರಿಸಿದ. ಮೊದಲರ್ಧ ಎಲ್ಲರಿಗೂ ಬಾಯಿಪಾಠ, ಎರಡನೆಯ ಅರ್ಧ ಯಾರಿಗೂ ಬೇಡ.

ಹೆದರಿಕೆ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಅದು ಬೇಗ ಫಲ ಕೊಡುತ್ತದೆ, ಖರ್ಚು ಕಡಿಮೆ, ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಹತ್ತು ಜನಕ್ಕೆ ಹೊಡೆದರೆ ಸಾವಿರ ಜನ ಸುಮ್ಮನಾಗುತ್ತಾರೆ. ಹೀಗಿದ್ದೂ ಹೆದರಿಕೆಯ ಆಳ್ವಿಕೆಗಳು ಏಕೆ ಮತ್ತೆ ಮತ್ತೆ ಮುಗ್ಗರಿಸುತ್ತವೆ? ಕ್ರೌರ್ಯ ತಪ್ಪು ಎಂಬ ನೀತಿಯ ಉತ್ತರ ಸರಿಯಾದದ್ದೇ. ಅದರ ಜೊತೆಗೆ ಆಡಳಿತದ ಒಳಗಿನ ಒಂದು ಕಾರಣವೂ ಇದೆ, ಅದರ ಬಗ್ಗೆ ಮಾತು ಕಡಿಮೆ. ಹೆದರಿದವನು ಬಾಯಿ ಮುಚ್ಚುತ್ತಾನೆ, ಅಥವಾ ಒಡೆಯನಿಗೆ ಬೇಕಾದದ್ದನ್ನಷ್ಟೇ ಹೇಳುತ್ತಾನೆ. ಆಗ ಮೇಲೆ ಕೂತವನಿಗೆ ತನ್ನ ನಾಡಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಇದಕ್ಕೆ ದೂರದ ಸಾಕ್ಷಿ ಹುಡುಕಬೇಕಾಗಿಲ್ಲ, ಮೈಸೂರು ಸಂಸ್ಥಾನದ ಚರಿತ್ರೆಯಲ್ಲೇ ಇದೆ.

ಶರತ್ತಿನ ಅಮಲ್ದಾರ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಂಗ್ಲಿಷರು ಗದ್ದುಗೆಯಲ್ಲಿ ಕೂರಿಸಿದರು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿಯನ್ನು (ಕಪ್ಪಕಾಣಿಕೆಯನ್ನು) ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಬೇಕಿತ್ತು. ಮಳೆ ಬಂದರೂ ಬಾರದಿದ್ದರೂ ಕಂತು ತಪ್ಪುವಂತಿರಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲ ಮುಗಿದ ಮೇಲೆ ಖಜಾನೆ ಸೊರಗುತ್ತ ಬಂತು. ಕಂದಾಯ ಹೆಚ್ಚಿಸಲು ಆಗ ಹಿಡಿದ ದಾರಿಯೇ ಶರತ್ತು.

ಅದು ನಡೆಯುತ್ತಿದ್ದದ್ದು ಹೀಗೆ. ಒಂದು ತಾಲ್ಲೂಕಿನಿಂದ ಹೋದ ವರ್ಷ ಹತ್ತು ಸಾವಿರ ವರಹ ಬಂದಿತ್ತು ಎಂದು ಇಟ್ಟುಕೊಳ್ಳಿ. ಹನ್ನೆರಡು ಸಾವಿರ ತಂದುಕೊಡುತ್ತೇನೆ ಎಂದು ಬರೆದುಕೊಟ್ಟವನಿಗೆ ಅಮಲ್ದಾರಿಕೆ, ಅಂದರೆ ಆ ತಾಲ್ಲೂಕಿನ ಕಂದಾಯದ ಅಧಿಕಾರ, ಸಿಗುತ್ತಿತ್ತು. ಹೆಚ್ಚು ವಸೂಲಾದರೆ ಸರ್ಕಾರಕ್ಕೆ ಸೇರಿಸಬೇಕು, ಕಡಿಮೆಯಾದರೆ ತನ್ನ ಕೈಯಿಂದ ತುಂಬಿಕೊಡಬೇಕು. ಈಗ ಆ ಅಮಲ್ದಾರನ ಜಾಗದಲ್ಲಿ ನಿಂತು ಯೋಚಿಸಿ. ಹಿಂಗಾರು ಕೈಕೊಟ್ಟಿದೆ, ರಾಗಿ ಒಣಗಿದೆ. ಅದನ್ನು ಮೈಸೂರಿಗೆ ಬರೆದು ತಿಳಿಸಿದರೆ ಇನ್ನೊಬ್ಬ ಹದಿಮೂರು ಸಾವಿರದ ಶರತ್ತು ಬರೆದುಕೊಟ್ಟು ಆ ಜಾಗಕ್ಕೆ ಬರುತ್ತಾನೆ. ಹಾಗಾಗಿ ಅವನು ಬರೆಯುವುದಿಲ್ಲ. ಶಾನುಭೋಗನ ಮೇಲೆ ಕೂಗಾಡುತ್ತಾನೆ, ಶಾನುಭೋಗ ಪಟೇಲನ ಮೇಲೆ, ಪಟೇಲ ರೈತನ ಮೇಲೆ. ಮೇಲಿನವರ ಭಯ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಒಕ್ಕಣೆಯ ಕಣಕ್ಕೆ ಬಂದು ನಿಲ್ಲುತ್ತದೆ. ಕೆಳಗಿನ ಕಷ್ಟ ಮಾತ್ರ ಅದೇ ಮೆಟ್ಟಿಲು ಹತ್ತಿ ಹೋಗುವುದಿಲ್ಲ. ಅರಮನೆಯ ದಫ್ತರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮುಖ್ಯ ಕಂದಾಯದ ಸುತ್ತ ಎಂತೆಂಥ ಸಣ್ಣ ತೆರಿಗೆಗಳು ಬೆಳೆದುಕೊಂಡಿದ್ದವು ಎಂಬುದು ಆಮೇಲೆ ಗೊತ್ತಾಯಿತು. 1831ರ ನಂತರದ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ರದ್ದು ಮಾಡಿದರು ಎಂದು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಊರಿನವರು, ತಪ್ಪಿಸಿಕೊಂಡ ಪಾಳೇಗಾರನ ಕುದುರೆಯನ್ನು ಅವರ ಪೂರ್ವಿಕರು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ತಲೆಮಾರುಗಳಿಂದ ಹಣ ಕಟ್ಟುತ್ತಿದ್ದರು. ನಗರ ಸೀಮೆಯಲ್ಲಿ (ಇಂದಿನ ಶಿವಮೊಗ್ಗದ ಕಡೆ) ಒಂದು ಜಾಗವಿತ್ತು, ಅಲ್ಲಿ ಹಾದುಹೋಗುವವರು ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯಬೇಕು, ಬೀಸಿಕೊಂಡು ನಡೆದರೆ ತೆರಿಗೆ.

ಈ ಕೊನೆಯದನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು, ಈ ತೆರಿಗೆಯಿಂದ ಖಜಾನೆಗೆ ಎಷ್ಟು ಬಂದೀತು ಎಂದು. ಬಹುಶಃ ಏನೂ ಇಲ್ಲ. ಯಾವುದೋ ಕಾಲದ ಯಾವನೋ ಅಧಿಕಾರಿಗೆ ತನ್ನೆದುರು ಜನ ಕೈ ಬೀಸಿ ನಡೆಯುವುದು ಸಹಿಸಲಿಲ್ಲ. ಅವನು ಸತ್ತ ಮೇಲೂ ವಸೂಲಿ ಮುಂದುವರಿಯಿತು, ಏಕೆಂದರೆ "ಇದು ಯಾತಕ್ಕೆ ಸ್ವಾಮಿ?" ಎಂದು ಕೇಳುವ ಧೈರ್ಯ ಕೆಳಗಿದ್ದವರಿಗೆ ಇರಲಿಲ್ಲ, ಕೇಳಿಸಿಕೊಳ್ಳುವ ಕಿವಿ ಮೇಲಿದ್ದವರಿಗೆ ಇರಲಿಲ್ಲ. ಹೆದರಿಕೆಯ ವ್ಯವಸ್ಥೆಯಲ್ಲಿ ದುಷ್ಟತನದಷ್ಟೇ ಮೂರ್ಖತನವೂ ಉಳಿದುಕೊಳ್ಳುತ್ತದೆ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ಕಂದಾಯ ಕಟ್ಟುವುದಿಲ್ಲ ಎಂದರು. ಊರಿಂದ ಊರಿಗೆ ಹಬ್ಬಿದ ಕೂಟ ಕೊನೆಗೆ ದಂಗೆಯಾಯಿತು, ಅದನ್ನಡಗಿಸಲು ಕಂಪನಿಯ ಸೈನ್ಯ ಬರಬೇಕಾಯಿತು. ಅದೇ ನೆಪ ಸಾಕಾಯಿತು, 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಮುಮ್ಮಡಿಯವರ ಕೈಯಿಂದ ಕಿತ್ತುಕೊಂಡ. ನಿಗದಿಯಾದ ಪೊಗದಿಯ ಉರುಳನ್ನು ಕೊರಳಿಗೆ ಹಾಕಿದವರು ಇಂಗ್ಲಿಷರೇ ಎಂಬುದನ್ನು ಮರೆಯಬಾರದು, ಅವರಿಗೆ ಮುಮ್ಮಡಿಯವರನ್ನು ಜರೆಯುವ ಹಕ್ಕು ಅಷ್ಟಾಗಿ ಇರಲಿಲ್ಲ. ಆದರೂ ದಂಗೆಯ ಬೇರು ದುರಾಡಳಿತದಲ್ಲಿತ್ತು ಎಂಬುದು ಸುಳ್ಳಾಗುವುದಿಲ್ಲ. ಮುಂದಿನ 50 ವರ್ಷ ಮೈಸೂರು ಒಡೆಯರ ಕೈಯಲ್ಲಿರಲಿಲ್ಲ. ಅಧಿಕಾರ ಕಳೆದುಕೊಂಡ ಮುಮ್ಮಡಿಯವರು ಕವಿಗಳನ್ನು, ಸಂಗೀತಗಾರರನ್ನು, ಚಿತ್ರಕಾರರನ್ನು ಸಾಕಿ ಸಲಹಿದರು. ಇಂದು ಮೈಸೂರಿಗರು ಅವರನ್ನು ನೆನೆಯುವುದು ಆ ಕೆಲಸಕ್ಕೆ.

ಒಂದೇ ದಿನದಲ್ಲಿ ಕುಸಿಯುವುದೇಕೆ

ಹೆದರಿಕೆಯ ಆಳ್ವಿಕೆ ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ, ಕುಸಿಯುವಾಗ ಹೇಳದೆ ಕೇಳದೆ ಕುಸಿಯುತ್ತದೆ. ತಿಮೂರ್ ಕುರಾನ್ ಎಂಬ ಅರ್ಥಶಾಸ್ತ್ರಜ್ಞರು ಇದರ ಕಾರಣವನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ. ಭಯವಿರುವ ಕಡೆ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಂಡಿರುತ್ತಾರೆ. ಪಕ್ಕದವನೂ ಹಾಗೆಯೇ ಇದ್ದಾನೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಾನೊಬ್ಬನೇ ಅತೃಪ್ತ, ಉಳಿದವರೆಲ್ಲ ಒಪ್ಪಿದ್ದಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಯಾರೋ ಕೆಲವರು ಬಾಯಿಬಿಟ್ಟ ದಿನ ಆ ತಪ್ಪುಗ್ರಹಿಕೆ ಹರಿದುಹೋಗುತ್ತದೆ.

1989ರ ಡಿಸೆಂಬರ್ 21ರಂದು ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಚೌಷೆಸ್ಕು ಮಹಡಿಯ ಮೊಗಸಾಲೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದ. 24 ವರ್ಷ ಆಳಿದವನು. ಚಪ್ಪಾಳೆ ತಟ್ಟಲೆಂದೇ ಕರೆತಂದಿದ್ದ ಜನ ನಡುವೆ ಕೂಗಲು, ಛೀಮಾರಿ ಹಾಕಲು ಶುರುಮಾಡಿದರು. ಟಿವಿಯಲ್ಲಿ ನೇರಪ್ರಸಾರವಾಗುತ್ತಿದ್ದ ಆ ದೃಶ್ಯದಲ್ಲಿ ಅವನ ಮುಖ ಗೊಂದಲಕ್ಕೆ ಬೀಳುವುದು ಕಾಣುತ್ತದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊರೂರಿಗೆ ಗುಪ್ತ ಪೊಲೀಸರನ್ನು ಇಟ್ಟಿದ್ದವನಿಗೆ ತನ್ನ ಜನರ ಮನಸ್ಸು ಮಾತ್ರ ಗೊತ್ತಿರಲಿಲ್ಲ. ಮರುದಿನ ಹೆಲಿಕಾಪ್ಟರ್ ಹತ್ತಿ ಓಡಿದ, 25ರಂದು ಗುಂಡಿಗೆ ಬಲಿಯಾದ. ನಗರ ಸೀಮೆಯ ರೈತರು ಮೊದಲು ಮಾಡಿದ್ದು ಕೂಟ ಸೇರುವುದು ಎಂಬುದಕ್ಕೂ ಅರ್ಥ ಇಲ್ಲೇ ಇದೆ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದೇ ಹೆದರಿಕೆಯ ಆಳ್ವಿಕೆಗೆ ದೊಡ್ಡ ಅಪಾಯ.

ಸುದ್ದಿ ಮೇಲೆ ಹೋಗದಿದ್ದರೆ ಸಿಂಹಾಸನಕ್ಕಷ್ಟೇ ಕುತ್ತಲ್ಲ, ಜನರ ಪ್ರಾಣಕ್ಕೂ ಕುತ್ತು. ಚೀನಾದಲ್ಲಿ 1958ರಿಂದ ಮೂರು ವರ್ಷ ನಡೆದದ್ದು ಇದು. ಬೆಳೆ ಕಡಿಮೆ ಎಂದು ಹೇಳಿದ ಅಧಿಕಾರಿಗೆ ದ್ರೋಹಿಯ ಪಟ್ಟ ಕಟ್ಟುತ್ತಿದ್ದರು. ಹಾಗಾಗಿ ಪ್ರತಿ ಹಂತದಲ್ಲೂ ಇಳುವರಿಯನ್ನು ಉಬ್ಬಿಸಿ ಬರೆದರು. ಉಬ್ಬಿಸಿದ ಲೆಕ್ಕದ ಮೇಲೆ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು. ಹಳ್ಳಿಗಳಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಶರತ್ತಿನ ಅಮಲ್ದಾರನ ಕಥೆಯೇ ಇದು, ದೇಶದಷ್ಟು ದೊಡ್ಡದಾಗಿ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳು ಸರಿಯಾಗಿ ಕೆಲಸ ಮಾಡುವ ದೇಶದಲ್ಲಿ ದೊಡ್ಡ ಕ್ಷಾಮ ಬಂದ ಉದಾಹರಣೆಯಿಲ್ಲ ಎಂದು ಅಮರ್ತ್ಯ ಸೇನ್ ವಾದಿಸಿದ್ದು ಇಂಥವನ್ನು ನೋಡಿಯೇ. ಅಲ್ಲಿ ಹಸಿವಿನ ಸುದ್ದಿ ಮುಚ್ಚಿಡಲಾಗುವುದಿಲ್ಲ, ಮುಚ್ಚಿಟ್ಟವನಿಗೆ ಮತ ಸಿಗುವುದಿಲ್ಲ.

ದಸರೆಯ ಬೆನ್ನಿಗೇ ಒಂದು ಸಭೆ

ಮೈಸೂರಿಗೂ ಹಸಿವು ಹೊಸದಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನದು, ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಆ ಸಾವುಗಳೆಲ್ಲ ನಡೆದದ್ದು ನೇರ ಬ್ರಿಟಿಷ್ ಆಡಳಿತದಲ್ಲಿ. ಆ ಪಾಳುಬಿದ್ದ ನಾಡನ್ನೇ 1881ರ ಮಾರ್ಚ್‌ನಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು.

ದಿವಾನ್ ರಂಗಾಚಾರ್ಲು ಆ ವರ್ಷವೇ ಮಾಡಿದ ಒಂದು ಕೆಲಸ ನನ್ನ ಮಟ್ಟಿಗೆ ಮೈಸೂರು ಚರಿತ್ರೆಯ ದೊಡ್ಡ ತಿರುವು. ಅಕ್ಟೋಬರ್ 7ರಂದು, ದಸರೆಯ ಬೆನ್ನಿಗೇ, ತಾಲ್ಲೂಕುಗಳಿಂದ 144 ಜನ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದರು. ಹೇಗಿದ್ದರೂ ಹಬ್ಬಕ್ಕೆ ಜನ ಬರುತ್ತಾರೆ, ಜಂಬೂಸವಾರಿ ನೋಡಿಕೊಂಡು ಹೋಗುವವರು ಸರ್ಕಾರದ ಲೆಕ್ಕವನ್ನೂ ಕೇಳಿಕೊಂಡು ಹೋಗಲಿ ಎಂಬ ವ್ಯವಸ್ಥೆ. ದಿವಾನರು ಎದ್ದುನಿಂತು ಆದಾಯವೆಷ್ಟು, ಖರ್ಚೆಷ್ಟು, ಮುಂದೇನು ಮಾಡುತ್ತೇವೆ ಎಂದು ಓದಿದರು. ಸದಸ್ಯರು ತಮ್ಮ ತಾಲ್ಲೂಕಿನ ಅಹವಾಲು ಹೇಳಿದರು.

ಈ ಸಭೆಗೆ ಅಧಿಕಾರವಿರಲಿಲ್ಲ. ಮತಕ್ಕೆ ಹಾಕುವ ಹಾಗಿರಲಿಲ್ಲ, ಬಂದವರೆಲ್ಲ ಉಳ್ಳವರು, ಹೆಂಗಸರಿಲ್ಲ, ದಲಿತರಿಲ್ಲ. ಇದನ್ನು ಪ್ರಜಾಪ್ರಭುತ್ವ ಎಂದು ಕರೆದರೆ ಅತಿಯಾದೀತು. ಆದರೆ ಅಮಲ್ದಾರನ ತಲೆಯ ಮೇಲಿಂದ ಹಾದು ಊರಿನ ಸುದ್ದಿ ನೇರ ದಿವಾನರನ್ನು ಮುಟ್ಟುವ ದಾರಿಯೊಂದು ವರ್ಷಕ್ಕೊಮ್ಮೆ ತೆರೆಯಿತು. ದೂರು ಹೇಳಿದವನು ಮನೆಗೆ ಕ್ಷೇಮವಾಗಿ ಹಿಂತಿರುಗಿದ, ಮುಂದಿನ ವರ್ಷ ಮತ್ತೆ ಬಂದ. ಹೆದರಿಕೆ ಕರಗುವುದು ಹೀಗೆ, ಒಂದೊಂದೇ ಸಲ ಮಾತಾಡಿ ಏನೂ ಆಗಲಿಲ್ಲ ಎಂದು ಕಂಡುಕೊಂಡು. ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಮೈಸೂರಿನ ಪುರಭವನ ಅವರ ನೆನಪಿನದು. 1891ರಿಂದ ಸದಸ್ಯರು ಚುನಾಯಿತರಾದರು, 1923ರಲ್ಲಿ ಹೆಂಗಸರಿಗೂ ಮತ ಬಂತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲವನ್ನು ಇದರ ಮುಂದುವರಿಕೆಯಾಗಿಯೇ ನೋಡಬೇಕು. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ, ಬ್ಯಾಂಕು, ಮಂಡ್ಯದ ಸಕ್ಕರೆ ಕಾರ್ಖಾನೆಗಳ ಪಟ್ಟಿ ನಮಗೆ ಬಾಯಿಪಾಠವಿದೆ, ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ. ಗೌರವದ ಪ್ರಶ್ನೆಗೆ ಅದಕ್ಕಿಂತ ಹತ್ತಿರದ್ದು 1918ರ ಮಿಲ್ಲರ್ ಸಮಿತಿ. ಸರ್ಕಾರಿ ಹುದ್ದೆಗಳ ಬಹುಪಾಲು ಒಂದೇ ಸಮುದಾಯದವರ ಕೈಯಲ್ಲಿದ್ದಾಗ, ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮೊದಲಾದವರ ಬೇಡಿಕೆಯನ್ನು ಕೇಳಿ ಮಹಾರಾಜರು ಆ ಸಮಿತಿ ರಚಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಕ್ರಮ ಒಪ್ಪಿಗೆಯಿರಲಿಲ್ಲ, ಅವರು ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಅಷ್ಟು ದೊಡ್ಡವರನ್ನು ಕಳೆದುಕೊಂಡರೂ ಮಹಾರಾಜರು ಹಿಂದೆಗೆಯಲಿಲ್ಲ, 1921ರಲ್ಲಿ ಆದೇಶ ಹೊರಟಿತು. ಕಚೇರಿಯಲ್ಲಿ ಕುಳಿತವನು ತನ್ನಂಥವನೂ ಆಗಿರಬಹುದು ಎಂಬ ಭರವಸೆ ಇಲ್ಲದ ಕಡೆ ರೈತ ಹೊಸಿಲಲ್ಲೇ ಕುಗ್ಗುತ್ತಾನೆ. ಮಂಡ್ಯ ಸೀಮೆಯ ಮನೆಗಳಲ್ಲಿ, ಅಂಗಡಿಗಳಲ್ಲಿ ಇವತ್ತಿಗೂ ನಾಲ್ವಡಿಯವರ ಫೋಟೊಗೆ ಹೂ ಮುಡಿಸುವುದರ ಹಿಂದೆ ನಾಲೆಯ ನೀರಿನಷ್ಟೇ ಈ ಭರವಸೆಯೂ ಇದೆ ಎಂದು ನನ್ನ ನಂಬಿಕೆ.

ಇಷ್ಟು ಗೌರವ ಗಳಿಸಿದ ಸರ್ಕಾರವೂ ಭಯದ ದಾರಿ ಹಿಡಿದಾಗ ಏನಾಯಿತು ಎಂಬುದಕ್ಕೆ ಮದ್ದೂರಿನ ಶಿವಪುರ ಸಾಕ್ಷಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ನಡೆಯಿತು, ಅಧ್ಯಕ್ಷರು ಟಿ. ಸಿದ್ದಲಿಂಗಯ್ಯ. ಕಾಂಗ್ರೆಸ್ ಬಾವುಟ ಹಾರಿಸಕೂಡದು ಎಂದು ಸರ್ಕಾರ ನಿಷೇಧ ಹೇರಿತು. ಬಾವುಟ ಹಾರಿತು, ನಾಯಕರು ಬಂಧನಕ್ಕೊಳಗಾದರು. ಒಬ್ಬರನ್ನು ಒಯ್ದರೆ ಇನ್ನೊಬ್ಬರು ಮುಂದೆ ಬಂದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಪೊಲೀಸರು ಜನಸಮೂಹದ ಮೇಲೆ ಗುಂಡು ಹಾರಿಸಿದರು, ಹಲವರು ಸತ್ತರು. ಗುಂಡು ಚಳವಳಿಯನ್ನು ನಿಲ್ಲಿಸಲಿಲ್ಲ, ನಾಡಿನ ಮೂಲೆಮೂಲೆಗೂ ಒಯ್ದಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮಾತಾಡಿದ ಮೇಲೆ ಸರ್ಕಾರ ಬಾವುಟಕ್ಕೆ ಒಪ್ಪಿತು. ಒಪ್ಪಿದ್ದರಿಂದ ಸಂಸ್ಥಾನವೇನೂ ಉರುಳಲಿಲ್ಲ. ಮೊದಲೇ ಒಪ್ಪಿದ್ದರೆ ಆ ಜೀವಗಳು ಉಳಿಯುತ್ತಿದ್ದವು.

1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದಾಗ ಅದೇ ತಪ್ಪು ಮತ್ತೆ ಆಯಿತು. ಮೈಸೂರಿನ ರಾಮಸ್ವಾಮಿ ವೃತ್ತ ಆಗ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರಿನದು. "ಆರ್ಕಾಟ್ ಬಾಯ್ಕಾಟ್" ಎಂದು ಜನ ಕೂಗಿದ್ದು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ. ಅರಮನೆಯ ಮುಂದೆಯೇ ಸತ್ಯಾಗ್ರಹ ನಡೆದರೂ ಮಹಾರಾಜರ ಮೇಲೆ ಆ ಸಿಟ್ಟು ತಿರುಗಲಿಲ್ಲ. ಅಕ್ಟೋಬರ್‌ನಲ್ಲಿ ಜಯಚಾಮರಾಜ ಒಡೆಯರು ಅಧಿಕಾರ ಬಿಟ್ಟುಕೊಟ್ಟು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅರಸೊತ್ತಿಗೆ ಹೋಯಿತು, ಅರಸರ ಮೇಲಿನ ಗೌರವ ಉಳಿಯಿತು. ಹಿಂದಿನವರು ಕೂಡಿಟ್ಟ ಗೌರವ ಕಷ್ಟದ ದಿನ ಮುಂದಿನವರ ಕೈಹಿಡಿಯಿತು ಎಂದೇ ಇದನ್ನು ಓದಬೇಕು.

ತೂಬಿನ ಹತ್ತಿರ

ಅರಸರ ಮಾತು ಸಾಕು. ಗೌರವ ಹೇಗೆ ಹುಟ್ಟುತ್ತದೆ ಎಂದು ಸಣ್ಣ ಅಳತೆಯಲ್ಲಿ ನೋಡಬೇಕಾದರೆ ಹಳೆ ಮೈಸೂರಿನ ಕೆರೆಯೇರಿಗೆ ಹೋಗಬೇಕು. ಅಲ್ಲಿ ನೀರುಗಂಟಿ ಇರುತ್ತಿದ್ದ. ಕೆಲವು ಊರುಗಳಲ್ಲಿ ಈಗಲೂ ಇದ್ದಾನೆ. ತೂಬು ಎತ್ತುವುದು, ಮುಚ್ಚುವುದು, ಯಾವ ಗದ್ದೆಗೆ ಯಾವಾಗ ನೀರು ಎಂದು ತೀರ್ಮಾನಿಸುವುದು ಅವನ ಕೆಲಸ. ಬೇಸಿಗೆ ಬೆಳೆಯ ಕೊನೆಯಲ್ಲಿ, ಕೆರೆ ತಳ ಕಾಣುವಾಗ, ಅವನ ಮಾತಿಗೆ ಫಸಲಿನ ಬೆಲೆ. ಅವನ ಕೈಯಲ್ಲಿ ಗುದ್ದಲಿಯೊಂದೇ. ಪೊಲೀಸರಿಲ್ಲ, ಕಾಗದವಿಲ್ಲ.

ಆದರೂ ಜನ ಅವನ ಮಾತು ಕೇಳುತ್ತಿದ್ದರು. ಸರದಿ ಎಲ್ಲರಿಗೂ ಗೊತ್ತಿತ್ತು, ಅದು ಗೌಡರ ಗದ್ದೆಗೂ ಒಂದೇ, ಬಡವನ ಗದ್ದೆಗೂ ಒಂದೇ. ಅವನು ನೀರು ಬಿಡುವುದನ್ನು ಎಲ್ಲರೂ ಕಣ್ಣಾರೆ ನೋಡುತ್ತಿದ್ದರು. ಒಕ್ಕಣೆಯಾದಾಗ ಅವನ ಪಾಲಿನ ಧಾನ್ಯ ಎಲ್ಲರ ಕಣದಿಂದಲೂ ಬರುತ್ತಿತ್ತು, ಕೊನೆಯ ಗದ್ದೆ ಒಣಗಿದರೆ ಅವನ ಪಾಲೂ ಅಷ್ಟಕ್ಕಷ್ಟೆ. ರಾತ್ರಿ ಕಳ್ಳತನದಲ್ಲಿ ಬದು ಒಡೆದು ನೀರು ತಿರುಗಿಸಿಕೊಂಡವನನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ, ಊರ ಮುಂದೆ ಹೇಳುತ್ತಿದ್ದ, ದಂಡ ಬೀಳುತ್ತಿತ್ತು. ಬಿಟ್ಟಿದ್ದರೆ ಮಾರನೆಯ ದಿನವೇ ಅವನ ಮಾತು ಕಸವಾಗುತ್ತಿತ್ತು. ಮೆತ್ತಗಿರುವವನನ್ನು ಜನ ಲೆಕ್ಕಕ್ಕಿಡುವುದಿಲ್ಲ ಎಂದು ಕೌಟಿಲ್ಯ ಹೇಳಿದ್ದು ಇದನ್ನೇ. ಗೌರವದ ಆಳ್ವಿಕೆ ಎಂದರೆ ಶಿಕ್ಷೆಯೇ ಇಲ್ಲದ ಆಳ್ವಿಕೆ ಎಂದು ತಿಳಿಯುವವರು ಇಲ್ಲಿ ಎಡವುತ್ತಾರೆ.

ಇನ್ನೊಂದನ್ನು ಹೇಳದಿದ್ದರೆ ಚಿತ್ರ ಸುಳ್ಳಾಗುತ್ತದೆ. ಹಲವು ಊರುಗಳಲ್ಲಿ ನೀರುಗಂಟಿ ದಲಿತ. ನೀರಿನ ವಿಷಯದಲ್ಲಿ ಅವನ ಮಾತಿಗೆ ತಲೆಬಾಗುತ್ತಿದ್ದ ಅದೇ ಜನ ಅವನನ್ನು ಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಅವನ ಕೆಲಸಕ್ಕೆ ಸಿಕ್ಕ ಗೌರವ ಅವನಿಗೆ ಸಿಗಲಿಲ್ಲ. ಊರಿನ ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳುವುದು ಅನ್ಯಾಯ.

ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1980ರ ದಶಕದಲ್ಲಿ ಷಿಕಾಗೊ ನಗರದ ಜನರನ್ನು ಮಾತಾಡಿಸಿ, ಅವರು ಕಾನೂನನ್ನು ಏಕೆ ಪಾಲಿಸುತ್ತಾರೆ ಎಂದು ಅಧ್ಯಯನ ಮಾಡಿದರು. ಸಿಕ್ಕಿಬೀಳುವ ಭಯಕ್ಕಿಂತ ಹೆಚ್ಚಾಗಿ, ಪೊಲೀಸರು ಮತ್ತು ಕೋರ್ಟು ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತವೆ ಎಂಬ ನಂಬಿಕೆ ಜನರನ್ನು ಕಾನೂನಿಗೆ ಕಟ್ಟಿಹಾಕುತ್ತದೆ ಎಂಬುದು ಅವರು ಕಂಡುಕೊಂಡದ್ದು. ತೀರ್ಪು ತನ್ನ ವಿರುದ್ಧ ಬಂದಾಗಲೂ, ತನ್ನ ಮಾತು ಕೇಳಿದರು, ಎಲ್ಲರಿಗೂ ಒಂದೇ ಅಳತೆ ಇಟ್ಟರು, ಮರ್ಯಾದೆಯಿಂದ ಮಾತಾಡಿಸಿದರು ಅನ್ನಿಸಿದರೆ ಜನ ಒಪ್ಪಿಕೊಳ್ಳುತ್ತಾರೆ. ಈ ಸರದಿ ನಿನ್ನದಲ್ಲ ಎಂದು ನೀರುಗಂಟಿ ಹೇಳಿದಾಗ ರೈತ ಗೊಣಗಿಕೊಂಡಾದರೂ ಹಿಂತಿರುಗಿದ್ದು ಅದೇ ಕಾರಣಕ್ಕೆ.

ಕಚೇರಿಯ ಕಿಟಕಿಯಲ್ಲಿ

ಇವತ್ತು ನಮ್ಮಲ್ಲಿ ಅರಸರಿಲ್ಲ. ಆದರೆ ಸಾಮಾನ್ಯ ಮನುಷ್ಯನಿಗೆ ಸರ್ಕಾರ ಎಂದರೆ ವಿಧಾನಸೌಧ ಅಲ್ಲ. ನಾಡಕಚೇರಿಯ ಕಿಟಕಿ, ಪೊಲೀಸ್ ಸ್ಟೇಷನ್ನಿನ ಬೆಂಚು, ಸರ್ವೆಯವರ ಮುಂದಿನ ಕ್ಯೂ. ಪಹಣಿಯಲ್ಲಿ ತಪ್ಪಾದ ಹೆಸರು ಸರಿಮಾಡಿಸಲು ಬಂದ ಮುದುಕ ಚಪ್ಪಲಿ ಹೊರಗೆ ಬಿಟ್ಟು, ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುವುದನ್ನು ಮಂಡ್ಯ ಜಿಲ್ಲೆಯ ಯಾವ ತಾಲ್ಲೂಕು ಕಚೇರಿಯಲ್ಲಿ ಬೇಕಾದರೂ ನೋಡಬಹುದು. ನಗರ ಸೀಮೆಯಲ್ಲಿ ಕೈ ಬೀಸದೆ ನಡೆದವರು ನನಗೆ ಆಗ ನೆನಪಾಗುತ್ತಾರೆ, ಹೊಟ್ಟೆ ಉರಿಯುತ್ತದೆ. "ಯಾಕಪ್ಪಾ ಬಂದೆ, ನಾಳೆ ಬಾ" ಎಂಬ ಮಾತನ್ನು ಅಪ್ಪನ ವಯಸ್ಸಿನವರಿಗೆ ಹೇಳುವ ಅಧಿಕಾರ ಯಾವ ಸಂವಿಧಾನದಲ್ಲೂ ಬರೆದಿಲ್ಲ.

ಇದಕ್ಕೆ ಅಧಿಕಾರಿಯ ಒಳ್ಳೆಯತನವನ್ನು ಕಾಯುತ್ತ ಕೂರಬೇಕಾಗಿಲ್ಲ. 2011ರ ಸಕಾಲ ಕಾಯ್ದೆಯ ಉಪಯೋಗ ಇಲ್ಲಿದೆ. ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಸಿಗಬೇಕು. ಇಂತಿಷ್ಟು ದಿನದಲ್ಲಿ ಕೆಲಸ ಆಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರನಿಗೆ ಪರಿಹಾರ, ಅದು ತಪ್ಪಿತಸ್ಥ ಅಧಿಕಾರಿಯಿಂದ ವಸೂಲಾಗಬೇಕು. ಮೊತ್ತ ಸಣ್ಣದು. ಆದರೆ ಚೀಟಿ ಕೈಯಲ್ಲಿದ್ದವನು ಬೇಡುವವನಾಗಿ ನಿಲ್ಲುವುದಿಲ್ಲ, ಕೇಳುವವನಾಗಿ ನಿಲ್ಲುತ್ತಾನೆ. ಅರ್ಜಿಯನ್ನು ಸಕಾಲದಲ್ಲಿ ದಾಖಲಿಸದೆ "ಇಟ್ಟು ಹೋಗಿ, ನೋಡೋಣ" ಎನ್ನುವ ಕಚೇರಿಗಳು ಬೇಕಾದಷ್ಟಿವೆ. ಹಾಗೆಂದ ಕಡೆ ಚೀಟಿ ಕೇಳಿ ಪಡೆಯುವುದು ಜಗಳಗಂಟಿತನ ಅಲ್ಲ, ಆ ಹಕ್ಕಿರುವುದೇ ಅದಕ್ಕೆ.

ಇನ್ನೊಂದು ಜಾಗ ಗ್ರಾಮಸಭೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಊರಿನ ಪ್ರತಿಯೊಬ್ಬ ಮತದಾರನೂ, ಮತದಾರಳೂ ಅದರ ಸದಸ್ಯರು. 1881ರಲ್ಲಿ 144 ಜನ ಉಳ್ಳವರಿಗೆ ಸಿಕ್ಕ ಅವಕಾಶ ಇವತ್ತು ಎಲ್ಲರಿಗೂ ಇದೆ, ಅದಕ್ಕಿಂತ ಹೆಚ್ಚಿನ ಅಧಿಕಾರದ ಜೊತೆಗೆ. ನಮ್ಮ ಊರಿನ ಆಡಳಿತ ಭಯದ ಮೇಲೆ ನಿಂತಿದೆಯೋ ಗೌರವದ ಮೇಲೋ ಎಂದು ತಿಳಿಯಲು ಆ ಸಭೆಯನ್ನು ಒಂದು ಗಂಟೆ ಕೂತು ನೋಡಿದರೆ ಸಾಕು. ಮಾತಾಡುವವರು ಯಾರು, ಹಿಂದೆ ಗೋಡೆಗೊರಗಿ ಸುಮ್ಮನೆ ಕೂತವರು ಯಾರು? ಹೆಂಗಸರು ಎದ್ದುನಿಂತು ಚರಂಡಿಯ ಬಗ್ಗೆ, ಉದ್ಯೋಗ ಖಾತ್ರಿ ಕೂಲಿಯ ಬಗ್ಗೆ ಕೇಳುತ್ತಾರೋ, ಅಥವಾ ಸಹಿ ಹಾಕಿ ಮನೆಗೆ ಹೋಗುತ್ತಾರೋ? ಕೇಳಿದ ಪ್ರಶ್ನೆ ನಡವಳಿ ಪುಸ್ತಕಕ್ಕೆ ಏರುತ್ತದೋ ಇಲ್ಲವೋ? ಮುಂದಿನ ಸಭೆಯಲ್ಲಿ ಅದೇ ಪುಸ್ತಕ ತೆಗೆಸಿ, ಹೋದ ಸಲ ಬರೆದುಕೊಂಡದ್ದು ಏನಾಯಿತು ಎಂದು ಓದಿಸಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದಕ್ಕೆ ಉತ್ತರ ಕೊಡಬೇಕು.